ಸೈಟಿಗೆ ಬಂದವರು ಗಿರಾಕಿ ಆಗುವ ತನಕ: ಬಳ್ಳಾರಿ, ರಾಯಚೂರು, ಕೊಪ್ಪಳದ ವ್ಯಾಪಾರಿಗಳಿಗೆ ಸಮಗ್ರ ಮಾರ್ಗದರ್ಶಿ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವವರು, ಗಂಗಾವತಿ, ಕಾರಟಗಿ, ಸಿಂಧನೂರಿನ ಅಕ್ಕಿ ವ್ಯಾಪಾರಿಗಳು, ಕಿನ್ನಾಳ ಗೊಂಬೆ ಮಾರುವವರು, ಇವರಿಗೆಲ್ಲ ಈಗ ವೆಬ್‌ಸೈಟ್ ಹೊಸದೇನಲ್ಲ. ಪರಿಚಯದ ಹುಡುಗನೊಬ್ಬ ಮಾಡಿಕೊಟ್ಟಿರುತ್ತಾನೆ, ವರ್ಷಕ್ಕೊಮ್ಮೆ ಡೊಮೇನ್ ದುಡ್ಡು ಕಟ್ಟುತ್ತಿರುತ್ತಾರೆ, ಇನ್‌ಸ್ಟಾಗ್ರಾಮ್ ಜಾಹೀರಾತಿಗೂ ಒಂದಿಷ್ಟು ಸುರಿದಿರುತ್ತಾರೆ. ಜನ ಬರುತ್ತಾರೆ, ನೋಡುತ್ತಾರೆ, ಹೋಗುತ್ತಾರೆ. ಆಗ ಮೊದಲು ಹೊಳೆಯುವ ಉಪಾಯ ಎಂದರೆ ಇನ್ನಷ್ಟು ಜಾಹೀರಾತು. ತೂತು ಬಿದ್ದ ಚೀಲಕ್ಕೆ ಅಕ್ಕಿ ತುಂಬುವ ಕೆಲಸ ಅದು.

ಲೆಕ್ಕ ಹಾಕಿ ನೋಡಿ. ಜಾಹೀರಾತಿನಿಂದ ಬರುವ ಒಬ್ಬೊಬ್ಬರಿಗೆ ₹4 ಬೀಳುತ್ತದೆ, ತಿಂಗಳಿಗೆ 1000 ಮಂದಿ ಬರುತ್ತಾರೆ ಅಂದುಕೊಳ್ಳಿ. ₹4000 ಹೋಯಿತು. ಅವರಲ್ಲಿ 3 ಮಂದಿ ಆರ್ಡರ್ ಕೊಟ್ಟರೆ ಒಂದು ಆರ್ಡರಿಗೆ ₹1333 ಖರ್ಚು. ಅದೇ ಸಾವಿರ ಮಂದಿಯಲ್ಲಿ 9 ಜನ ಕೊಟ್ಟರೆ ₹444. ಜಾಹೀರಾತಿನ ದುಡ್ಡು ಒಂದು ಪೈಸೆಯೂ ಹೆಚ್ಚಲಿಲ್ಲ. ಆದ್ದರಿಂದ ಮೊದಲು ಪುಟ ಸರಿಮಾಡಿ, ಜಾಹೀರಾತಿನ ಮಾತು ಆಮೇಲೆ.

ಹಂತ 1: ಒಂದು ವಾರ ನೋಟ್‌ಬುಕ್ಕು

ಯಾವ ಸಾಫ್ಟ್‌ವೇರಿಗೂ ಮುಂಚೆ ಒಂದು ನೋಟ್‌ಬುಕ್ಕು ಗಲ್ಲೆಯ ಪಕ್ಕ ಇಡಿ. ಏಳು ದಿನ ಫೋನಿನಲ್ಲಿ, ವಾಟ್ಸಾಪ್‌ನಲ್ಲಿ ಬಂದ ಪ್ರತಿ ಪ್ರಶ್ನೆಯನ್ನೂ ಕೇಳಿದವರ ಮಾತಿನಲ್ಲೇ ಬರೆಯಿರಿ. "ರೇಟ್ ಎಷ್ಟ್ರಿ?", "ಹಳೆ ಅಕ್ಕಿನೋ ಹೊಸದೋ?", "ಬಣ್ಣ ಹೋಗ್ತೈತೇನ್ರಿ?", "ಹುಬ್ಬಳ್ಳಿಗೆ ಕಳಸ್ತೀರಾ?" ವಾರದ ಕೊನೆಗೆ ಎಣಿಸಿದರೆ ಹತ್ತು ಹನ್ನೆರಡು ಪ್ರಶ್ನೆಗಳೇ ತಿರುಗಿ ತಿರುಗಿ ಬಂದಿರುತ್ತವೆ.

ಇವು ಫೋನ್ ಮಾಡುವಷ್ಟು ಆಸೆ ಇದ್ದವರ ಪ್ರಶ್ನೆಗಳು. ಇದೇ ಸಂಶಯ ಬಂದು ಫೋನ್ ಮಾಡದೆ ಹೋದವರು ಇವರಿಗಿಂತ ಎಷ್ಟೋ ಪಾಲು ಹೆಚ್ಚು. ಫೋನಿನಲ್ಲಿ ಮೂರು ಸಲಕ್ಕಿಂತ ಹೆಚ್ಚು ಬಂದ ಪ್ರಶ್ನೆಗೆ ಪುಟದಲ್ಲಿ ಉತ್ತರ ಇಲ್ಲ ಅಂತಲೇ ಅರ್ಥ. ಇದ್ದರೂ ಯಾರ ಕಣ್ಣಿಗೂ ಬೀಳುತ್ತಿಲ್ಲ. ಮುಂದಿನ ಎಲ್ಲ ಹಂತಗಳಿಗೂ ಈ ಪಟ್ಟಿ ಬೇಕು, ಹರಿದು ಹಾಕಬೇಡಿ.

ಹಂತ 2: ಎಲ್ಲಿ ಕಳಚಿಕೊಳ್ಳುತ್ತಾರೆ?

ಗೂಗಲ್ ಅನಲಿಟಿಕ್ಸ್ 4 ಮತ್ತು ಮೈಕ್ರೋಸಾಫ್ಟ್ ಕ್ಲಾರಿಟಿ, ಎರಡೂ ಪುಕ್ಕಟೆ. ಮೊದಲನೆಯದು ಎಷ್ಟು ಜನ, ಎಲ್ಲಿಂದ, ಯಾವ ಪುಟಕ್ಕೆ ಎಂದು ಹೇಳುತ್ತದೆ. ಎರಡನೆಯದು ಅವರ ಬೆರಳು ಎಲ್ಲಿ ಓಡಾಡಿತು ಎಂಬುದರ ರೆಕಾರ್ಡಿಂಗ್ ತೋರಿಸುತ್ತದೆ. ಇಪ್ಪತ್ತು ರೆಕಾರ್ಡಿಂಗ್ ನೋಡಿದರೆ ಸಾಕು. ಫೋಟೋ ದೊಡ್ಡದಾದೀತೆಂದು ನಾಲ್ಕು ಸಲ ಒತ್ತಿ, ಆಗದೆ ಹೊರಟುಹೋದವರನ್ನು ಕಣ್ಣಾರೆ ಕಾಣುತ್ತೀರಿ.

ಇಲ್ಲಿ ಒಂದು ತಪ್ಪು ಸಾಮಾನ್ಯ. ವಾಟ್ಸಾಪ್ ಬಟನ್ ಒತ್ತಿದ್ದನ್ನು ಅನಲಿಟಿಕ್ಸ್ ಹೊರಗಿನ ಲಿಂಕ್ ಎಂದು ತಾನಾಗಿಯೇ ಎಣಿಸುತ್ತದೆ, ಆದರೆ ಫೋನ್ ನಂಬರ್ ಒತ್ತಿದ್ದನ್ನು ಎಣಿಸುವುದಿಲ್ಲ. ಅದಕ್ಕೆ ಗೂಗಲ್‌ನದೇ ಟ್ಯಾಗ್ ಮ್ಯಾನೇಜರ್‌ನಲ್ಲಿ (ಎಣಿಕೆಯ ಕೋಡ್ ಜೋಡಿಸುವ ಸಾಧನ) ಬೇರೆಯಾಗಿ ಒಂದು ಟ್ರಿಗರ್, ಅಂದರೆ ನಂಬರ್ ಒತ್ತಿದಾಗ ಎಣಿಸು ಎಂಬ ಸೂಚನೆ, ಹಾಕಿಸಬೇಕು. ಹಾಕಿಸದಿದ್ದರೆ, ನಮ್ಮ ಕಡೆ ಅರ್ಧ ವ್ಯಾಪಾರ ಫೋನ್ ಕರೆಯಲ್ಲೇ ಕುದುರುವಾಗ, "ಸೈಟಿನಿಂದ ಏನೂ ಬರ್ತಿಲ್ಲ" ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೀರಿ. ವಾಟ್ಸಾಪ್ ಒತ್ತಿದ್ದು, ಕರೆ ಒತ್ತಿದ್ದು, ಫಾರ್ಮ್ ಕಳಿಸಿದ್ದು, ಹಣ ಕಟ್ಟಿದ್ದು: ಈ ನಾಲ್ಕನ್ನು ಮುಖ್ಯ ಘಟನೆಗಳೆಂದು ಗುರುತು ಮಾಡಿಸಿ. ಉಳಿದ ನೂರೆಂಟು ಗ್ರಾಫು ಸದ್ಯಕ್ಕೆ ಬೇಡ.

ಹಂತ 3: ಪುಟ ತೆರೆಯಬೇಕು, ಅಕ್ಷರ ಓದಬೇಕು

ಫೋನಿನಲ್ಲಿ ತೆಗೆದ ಒಂದು ಫೋಟೋ 4–5 ಎಂಬಿ ಇರುತ್ತದೆ. ಇಪ್ಪತ್ತು ಡಿಸೈನು ಹಾಗೇ ಏರಿಸಿದರೆ ಒಂದು ಪುಟ 80 ಎಂಬಿ ದಾಟಿತು. ಮಸ್ಕಿಯಲ್ಲೋ ಕುಷ್ಟಗಿಯಲ್ಲೋ ಮೊಬೈಲ್ ಡೇಟಾದಲ್ಲಿ ಅದು ತೆರೆಯುವಷ್ಟರಲ್ಲಿ ನೋಡುವವನು ಬೇರೆ ಕಡೆ ಹೋಗಿರುತ್ತಾನೆ. ಪ್ರತಿ ಫೋಟೋ ಅಗಲ 1200 ಪಿಕ್ಸೆಲ್, ವೆಬ್‌ಪಿ (ಫೋಟೋವನ್ನು ಹಗುರ ಮಾಡುವ ಫೈಲ್ ಬಗೆ) ರೂಪ, ತೂಕ 150 ಕೆಬಿ ಒಳಗೆ ಇರಲಿ. ಕೆಳಗಿನ ಫೋಟೋಗಳು ಸರಿಸಿದಾಗ ಮಾತ್ರ ಲೋಡ್ ಆಗುವಂತೆ ಇಡಿಸಿ, ಆದರೆ ಮೇಲಿನ ಮೊದಲ ಫೋಟೋಗೆ ಆ ಏರ್ಪಾಡು ಬೇಡ. ಅದೇ ತಡವಾದರೆ ಪುಟವೇ ಖಾಲಿ ಕಾಣುತ್ತದೆ. ಮೇಲೆ ತಾನಾಗಿ ಉರುಳುವ ನಾಲ್ಕೈದು ಬ್ಯಾನರ್ ಇದ್ದರೆ ತೆಗೆಸಿ, ಒಂದೇ ಫೋಟೋ ಇಡಿ. ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಮೊಬೈಲ್ ವಿಭಾಗ ನೋಡಿ: ಪುಟದ ದೊಡ್ಡ ಭಾಗ 2.5 ಸೆಕೆಂಡಿನೊಳಗೆ ಕಾಣಿಸಿದರೆ ಒಳ್ಳೆಯದು, 4 ಸೆಕೆಂಡ್ ದಾಟಿದರೆ ಕೆಟ್ಟದ್ದು.

ಇನ್ನು ಕನ್ನಡದ್ದೇ ಆದ ಒಂದು ತೊಂದರೆ. ಫ್ಲೆಕ್ಸ್ ಅಂಗಡಿಯವರು ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ಗಿರಾಕಿಯ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳ ಸಾಲು ಕಾಣುತ್ತದೆ. ಅದನ್ನು ತಪ್ಪಿಸಲು ಕೆಲವರು ಅಕ್ಷರಗಳನ್ನೇ ಫೋಟೋ ಮಾಡಿ ಹಾಕುತ್ತಾರೆ. ಆಗ ಹುಡುಕಾಟದಲ್ಲಿ ಆ ಮಾತು ಸಿಗುವುದು ಕಷ್ಟ, ಓದುವವರು ಕಾಪಿ ಮಾಡಲೂ ಆಗದು. ಎಲ್ಲ ಫೋನಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್ ಅಕ್ಷರಕ್ಕೆ ಬದಲಾಯಿಸಿ ಹಾಕಿ. ಬದಲಾಯಿಸಿದ ಮೇಲೆ ಒಬ್ಬರು ಕೂತು ಒಮ್ಮೆ ಓದಲೇಬೇಕು, ಒತ್ತಕ್ಷರ ಮತ್ತು ಅರ್ಕಾವತ್ತು ಆಗಾಗ ಜಾಗ ತಪ್ಪುತ್ತವೆ.

ಭಾಷೆ ಯಾವುದಿರಬೇಕು ಎಂಬುದನ್ನು ಕೊಳ್ಳುವವರು ತೀರ್ಮಾನಿಸಲಿ. ಬಳ್ಳಾರಿ ಜೀನ್ಸ್ ಹೋಲ್‌ಸೇಲ್ ಕೊಳ್ಳುವವರಲ್ಲಿ ಆಂಧ್ರ, ತೆಲಂಗಾಣದವರಿದ್ದರೆ ತೆಲುಗು ಪುಟ ಬೇಕು. ಬೆಂಗಳೂರಿನ ಮನೆಗಳಿಗೆ ಸೋನಾ ಮಸೂರಿ ಮಾರುವವರಿಗೆ ಕನ್ನಡ, ಇಂಗ್ಲಿಷ್ ಎರಡೂ ಬೇಕು. ಯಂತ್ರ ಅನುವಾದದ ಬಟನ್ ಹಾಕಿ ಕೈ ತೊಳೆದುಕೊಂಡರೆ "ರಾ ರೈಸ್" (ಭತ್ತವನ್ನು ಬೇಯಿಸದೆ ಮಾಡಿದ ಅಕ್ಕಿ) ಎಂಬುದು "ಹಸಿ ಅನ್ನ" ಆಗಿ ಕೂತಿರುವ ಸಂಭವ ಉಂಟು.

ಹಂತ 4: ಮೊದಲ ಪರದೆ

ಸರಿಸದೆ ಕಾಣುವ ಜಾಗದಲ್ಲಿ ಮೂರು ಸಂಗತಿ ಇರಬೇಕು: ಏನು ಮಾರುತ್ತೀರಿ, ಯಾರಿಗೆ, ಮುಂದೆ ಏನು ಒತ್ತಬೇಕು. "ಗುಣಮಟ್ಟವೇ ನಮ್ಮ ಧ್ಯೇಯ" ಎಂಬ ಸಾಲು ಈ ಮೂರರಲ್ಲಿ ಯಾವುದಕ್ಕೂ ಉತ್ತರವಲ್ಲ. "ಗಂಡಸರ ಜೀನ್ಸ್, ಬಳ್ಳಾರಿಯ ನಮ್ಮ ಯೂನಿಟ್‌ನಿಂದ ನೇರ. ಅಂಗಡಿಯವರಿಗೆ 8 ಪೀಸಿನ ಸೆಟ್. ಕರ್ನಾಟಕ, ಆಂಧ್ರ, ತೆಲಂಗಾಣಕ್ಕೆ ಕಳಿಸುತ್ತೇವೆ." ಇಷ್ಟು ಸಾಕು.

ಪರೀಕ್ಷೆಗೆ ಪಕ್ಕದ ಅಂಗಡಿಯವರ ಕೈಗೆ ಫೋನ್ ಕೊಟ್ಟು ಐದು ಸೆಕೆಂಡ್ ತೋರಿಸಿ, ಹಿಂದಕ್ಕೆ ತೆಗೆದುಕೊಳ್ಳಿ. ಏನು ಮಾರುವ ಸೈಟು ಎಂದು ಅವರಿಗೆ ಹೇಳಲಾಗದಿದ್ದರೆ ಸಾಲು ಬದಲಾಗಬೇಕು. ಸೈಟು ಮಾಡಿದ ಹುಡುಗನನ್ನಾಗಲಿ, ಮನೆಯವರನ್ನಾಗಲಿ ಕೇಳಬೇಡಿ, ಅವರಿಗೆ ಉತ್ತರ ಮೊದಲೇ ಗೊತ್ತು.

ಹಂತ 5: ಮಾಲಿನ ಪುಟ

ಇಡೀ ಸೈಟಿನಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿಗೆ. ಅಂಗಡಿಗೆ ಬಂದವರು ಮಾಲನ್ನು ಮುಟ್ಟಿ, ತಿರುಗಿಸಿ, ಬೆಳಕಿಗೆ ಹಿಡಿದು ನೋಡುತ್ತಾರೆ. ಆ ಕೈ ಮಾಡುವ ಕೆಲಸವನ್ನೆಲ್ಲ ಪುಟ ಮಾಡಬೇಕು.

ಜೀನ್ಸಿಗೆ ಆರು ಫೋಟೋ: ಮುಂದೆ, ಹಿಂದೆ, ಒಳಗಿನ ಹೊಲಿಗೆ, ಬಟನ್ ಮತ್ತು ಜಿಪ್, ಬಟ್ಟೆಯ ಹತ್ತಿರದ ನೋಟ, ತೊಟ್ಟವರ ಮೇಲೆ ಒಂದು. ತೊಟ್ಟವರ ಎತ್ತರ, ಅವರು ಹಾಕಿದ ಸೈಜು ಕೆಳಗೆ ಬರೆಯಿರಿ. ಬಣ್ಣ ತೋರಿಸುವ ಫೋಟೋ ಬೆಳಗಿನ ನೆರಳಿನಲ್ಲಿ ತೆಗೆಯಿರಿ. ಟ್ಯೂಬ್‌ಲೈಟಿನ ಕೆಳಗೆ ಕಪ್ಪು ನೀಲಿಯಾಗಿ, ನೀಲಿ ಬೂದಿಯಾಗಿ ಕಾಣುತ್ತದೆ. "ಫೋಟೋದಾಗ ಬ್ಯಾರೆ ಇತ್ತು" ಎಂದು ವಾಪಸ್ ಬರುವ ಮಾಲಿಗೆ ಹೆಚ್ಚಾಗಿ ಇದೇ ಕಾರಣ.

ಅಳತೆಯ ಪಟ್ಟಿ ಇಂಚಿನಲ್ಲಿ ಕೊಡಿ: ಸೊಂಟ, ಸೀಟು, ತೊಡೆ, ಒಳಗಾಲಿನ ಉದ್ದ, ಕೆಳಗಿನ ಅಂಚು. ಬಟನ್ ಹಾಕಿ, ಪ್ಯಾಂಟನ್ನು ಟೇಬಲ್ ಮೇಲೆ ಹರಡಿ ಅಳೆದು, ಸುತ್ತಳತೆಗಳನ್ನು ಮಾತ್ರ ಎರಡರಿಂದ ಗುಣಿಸಿ, ಒಳಗಾಲಿನ ಉದ್ದ ಅಳೆದಷ್ಟೇ ಇರಲಿ. ಲೇಬಲ್ಲಿನಲ್ಲಿ 32 ಇದ್ದರೂ ಟೇಪು 33 ಅಥವಾ 34 ತೋರಿಸಬಹುದು. ಪಟ್ಟಿಯಲ್ಲಿ ಟೇಪಿನ ಅಂಕಿಯೇ ಇರಲಿ, ಹೇಗೆ ಅಳೆದಿರಿ ಎಂಬ ಫೋಟೋವೂ ಇರಲಿ. ವಾಷಿಂಗ್‌ನಿಂದ ಬಂದ ಮೇಲಿನ ಅಳತೆ ಕೊಡಬೇಕು, ಹೊಲಿಗೆಯ ಟೇಬಲ್ಲಿನದು ಬೇಡ, ಏಕೆಂದರೆ ವಾಷ್‌ನಲ್ಲಿ ಬಟ್ಟೆ ಕುಗ್ಗುತ್ತದೆ. ಜೊತೆಗೆ ಬಟ್ಟೆ ಎಷ್ಟು ಔನ್ಸಿನದು (ಡೆನಿಮ್ ಬಟ್ಟೆಯ ತೂಕದ ಲೆಕ್ಕ), ಹತ್ತಿ ಎಷ್ಟು, ಸ್ಟ್ರೆಚ್ ಎಷ್ಟು, ಮೊದಲ ಒಗೆತದಲ್ಲಿ ಬಣ್ಣ ಬಿಡುತ್ತದೋ ಇಲ್ಲವೋ. ಬಿಡುತ್ತದೆ ಎಂದಾದರೆ ಹಾಗೇ ಬರೆಯಿರಿ. ಮೊದಲೇ ಹೇಳಿದ್ದಕ್ಕೆ ಯಾರೂ ಜಗಳಕ್ಕೆ ಬರುವುದಿಲ್ಲ.

ಹೋಲ್‌ಸೇಲ್ ಪುಟವಾದರೆ ಸೆಟ್ಟನ್ನು ಬಿಡಿಸಿ ಬರೆಯಿರಿ: 28ರಲ್ಲಿ ಒಂದು, 30, 32, 34ರಲ್ಲಿ ಎರಡೆರಡು, 36ರಲ್ಲಿ ಒಂದು, ಒಟ್ಟು 8 ಪೀಸ್. ಕನಿಷ್ಠ ಎಷ್ಟು ಸೆಟ್, ಎರಡು ಬಣ್ಣ ಬೆರೆಸಿ ಕೊಡುತ್ತೀರಾ, ಅದೇ ಡಿಸೈನು ಮತ್ತೆ ಸಿಗಲು ಎಷ್ಟು ದಿನ, ಇವೂ ಇರಲಿ. ಚಿಲ್ಲರೆ, ಹೋಲ್‌ಸೇಲ್ ಎರಡನ್ನೂ ಒಂದೇ ಪುಟದಲ್ಲಿ ತುರುಕಬೇಡಿ: ಒಂದೇ ಪ್ಯಾಂಟು ಬೇಕಾದವರು ಸೆಟ್ ನೋಡಿ ಹೆದರುತ್ತಾರೆ, ನೂರು ಬೇಕಾದವರು ಚಿಲ್ಲರೆ ದರ ನೋಡಿ ಎದ್ದು ಹೋಗುತ್ತಾರೆ.

ಅಕ್ಕಿಗೆ: ತಳಿ ಯಾವುದು (ಸೋನಾ ಮಸೂರಿಯೋ, ಆರ್‌ಎನ್‌ಆರ್ ಸಣ್ಣ ಅಕ್ಕಿಯೋ), ಸ್ಟೀಮೋ ರಾ ಅಕ್ಕಿಯೋ, ಯಾವ ಹಂಗಾಮಿನದು, ಎಷ್ಟು ತಿಂಗಳು ಹಳೆಯದು, ಒಂದು ಲೋಟಕ್ಕೆ ಎಷ್ಟು ನೀರು. ಅಕ್ಕಿಕಾಳು ಕಪ್ಪು ಬಟ್ಟೆಯ ಮೇಲೆ ಹರಡಿದ ಒಂದು ಫೋಟೋ, ಬೆಂದ ಅನ್ನದ ಒಂದು ಫೋಟೋ. ಅನ್ನದ ಫೋಟೋ ಹಾಕುವವರು ಯಾಕೋ ಕಡಿಮೆ, ಕೊಳ್ಳುವವರಿಗೆ ಬೇಕಾದದ್ದು ಅದೇ. ಇನ್ನೊಂದು ಮಾತು: 18 ಜುಲೈ 2022ರಿಂದ 25 ಕೆಜಿವರೆಗಿನ ಪ್ಯಾಕ್ ಮಾಡಿದ, ಲೇಬಲ್ ಇರುವ ಅಕ್ಕಿಗೆ 5% ಜಿಎಸ್‌ಟಿ ಬಂದ ಮೇಲೆ 26 ಕೆಜಿ ಚೀಲ ಮಾರುಕಟ್ಟೆಗೆ ಬಂತು. ಸೈಟಿನಲ್ಲಿ 25 ಎಂದಿದ್ದು ಚೀಲದ ಮೇಲೆ 26 ಇದ್ದರೆ ಮೋಸವೇನೋ ಎಂಬ ಸಂಶಯ ಬರುತ್ತದೆ. ಚೀಲದಲ್ಲಿ ಇರುವುದನ್ನೇ ಬರೆಯಿರಿ.

ಕಿನ್ನಾಳ ಗೊಂಬೆಗೆ ಎತ್ತರ ಸೆಂಟಿಮೀಟರಿನಲ್ಲಿ, ತೂಕ, ಪಕ್ಕದಲ್ಲಿ ಒಂದು ನೀರಿನ ಲೋಟ ಇಟ್ಟ ಫೋಟೋ. ಕೈಯಿಂದ ಮಾಡಿದ್ದು, ಬಣ್ಣದಲ್ಲಿ ಚೂರು ಹೆಚ್ಚುಕಡಿಮೆ ಇರುತ್ತದೆ ಎಂಬ ಸಾಲು. ಭೌಗೋಳಿಕ ಸೂಚ್ಯಂಕದ (ಜಿಐ ಟ್ಯಾಗ್) ಮಾನ್ಯತೆ ಇರುವ ಕಸುಬು ಅದು, ಪುಟದಲ್ಲಿ ಹೇಳಿಕೊಳ್ಳಿ.

ಹಂತ 6: ಬೆಲೆ, ಮತ್ತು ಬೆಲೆಗಿಂತ ದೊಡ್ಡ ಕಂಟಕವಾದ ಸಾಗಣೆ

"ಬೆಲೆಗೆ ಸಂಪರ್ಕಿಸಿ" ಎಂದರೆ ಬಹಳ ಜನ "ಮುಖ ನೋಡಿ ರೇಟ್ ಹೇಳ್ತಾರೆ" ಎಂದು ತಿಳಿಯುತ್ತಾರೆ. ಎದುರಾಳಿಗೆ ಗೊತ್ತಾದೀತು ಎಂಬ ಭಯ ಇದ್ದದ್ದೇ. ಆದರೆ ಎದುರಾಳಿ ಒಂದು ಫೋನ್ ಮಾಡಿ ಆಗಲೇ ತಿಳಿದುಕೊಂಡಿರುತ್ತಾನೆ. ಪೂರ್ತಿ ಹೇಳಲು ಮನಸ್ಸಿಲ್ಲದಿದ್ದರೆ "ಪೀಸಿಗೆ ಇಷ್ಟರಿಂದ ಶುರು, 10 ಸೆಟ್ ಮೇಲೆ ಇಷ್ಟು" ಎಂದಾದರೂ ಬರೆಯಿರಿ. ಅಕ್ಕಿಯಂತೆ ಏರಿಳಿಯುವ ಮಾಲಿಗೆ ದರದ ಪಕ್ಕ ತಾರೀಖು ಹಾಕಿ. ತಾರೀಖು ಮೂರು ತಿಂಗಳ ಹಿಂದಿನದಾಗಿದ್ದರೆ ದರವೇ ಇಲ್ಲದ್ದಕ್ಕಿಂತ ಕೆಡುಕು. ಜಿಎಸ್‌ಟಿ ಒಳಗೋ ಹೊರಗೋ ಎಂದೂ ಹೇಳಿ. ಸಿದ್ಧ ಉಡುಪಿಗೆ 22 ಸೆಪ್ಟೆಂಬರ್ 2025ರಿಂದ ಪೀಸಿಗೆ ₹2500ರವರೆಗೆ 5%, ಅದರ ಮೇಲೆ 18%.

ಕೊನೆಯ ಪರದೆಯಲ್ಲಿ ದಿಢೀರನೆ ಕಾಣಿಸುವ ಕೊರಿಯರ್ ಖರ್ಚು ಸಿದ್ಧ ಗಿರಾಕಿಯನ್ನೂ ಓಡಿಸುತ್ತದೆ. ಪಿನ್‌ಕೋಡ್ ಹಾಕಿದರೆ ಮಾಲಿನ ಪುಟದಲ್ಲೇ ಖರ್ಚು, ದಿನ ಎರಡೂ ಕಾಣಬೇಕು. ಅದಕ್ಕೆ ನಿಮಗೆ ಎರಡು ಲೆಕ್ಕ ಗೊತ್ತಿರಬೇಕು.

ಒಂದು, ತೂಕದ ಮೆಟ್ಟಿಲು. ಕೊರಿಯರಿನವರು ಸಾಮಾನ್ಯವಾಗಿ ಅರ್ಧ ಕೆಜಿ ಮೆಟ್ಟಿಲಿನಲ್ಲಿ ಎಣಿಸುತ್ತಾರೆ. ಪ್ಯಾಕ್ ಮಾಡಿದ ಜೀನ್ಸ್ 650 ಗ್ರಾಂ ಇದ್ದರೆ 1 ಕೆಜಿ ಬಿಲ್ಲು, ಅಂದರೆ ಎರಡು ಮೆಟ್ಟಿಲು. ಎರಡು ಜೀನ್ಸ್ ಒಟ್ಟಿಗೆ 1.3 ಕೆಜಿ, ಮೂರು ಮೆಟ್ಟಿಲು. ಬೇರೆ ಬೇರೆ ಕಳಿಸಿದರೆ ನಾಲ್ಕು. "ಎರಡು ಕೊಂಡರೆ ಸಾಗಣೆ ಕಡಿಮೆ" ಎಂಬ ಕೊಡುಗೆಗೆ ದುಡ್ಡು ಇಲ್ಲಿಂದಲೇ ಹುಟ್ಟುತ್ತದೆ, ನಿಮ್ಮ ಲಾಭಕ್ಕೆ ಕತ್ತರಿ ಹಾಕಬೇಕಿಲ್ಲ.

ಎರಡು, ಗಾತ್ರದ ತೂಕ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ರೂಢಿ. 30×25×20ರ ಪೆಟ್ಟಿಗೆಯಲ್ಲಿ ಇಟ್ಟ ಗೊಂಬೆ 900 ಗ್ರಾಂ ಇದ್ದರೂ ಬಿಲ್ಲು 3 ಕೆಜಿಗೆ. 25×20×15ರ ಪೆಟ್ಟಿಗೆಗೆ ಇಳಿಸಿದರೆ ಒಂದೂವರೆ ಕೆಜಿ. ಮಾಲಿನ ಅಳತೆಗೆ ತಕ್ಕ ಪೆಟ್ಟಿಗೆ ಮಾಡಿಸುವ ಖರ್ಚು ಬೇಗ ಹುಟ್ಟುತ್ತದೆ.

ಅಕ್ಕಿ ಚೀಲಕ್ಕೆ ಕೊರಿಯರ್ ಹೊಂದುವುದಿಲ್ಲ. ಲಾರಿ ಪಾರ್ಸೆಲ್ ಆಫೀಸು, ಅಥವಾ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನ ಕಾರ್ಗೋ. ಆದರೆ ಅದರಲ್ಲಿ ಗಿರಾಕಿಯೇ ಬಸ್‌ಸ್ಟ್ಯಾಂಡಿಗೋ ಆಫೀಸಿಗೋ ಬಂದು ಬಿಡಿಸಿಕೊಳ್ಳಬೇಕಾದರೆ ಹಣ ಕಟ್ಟುವ ಮುಂಚೆ ಪುಟದಲ್ಲಿ ಅದು ಕಾಣಬೇಕು.

ಹಂತ 7: ನಂಬಿಕೆ

ದೂರದವರಿಗೆ ನೀವು ಬರೀ ಒಂದು ಫೋನ್ ನಂಬರು. ಅಂಗಡಿಯ ಬೋರ್ಡ್ ಕಾಣುವ ಫೋಟೋ, ಯೂನಿಟ್‌ನಲ್ಲಿ ಕೆಲಸ ನಡೆಯುತ್ತಿರುವ ಫೋಟೋ, ಗುರುತಿನ ಜಾಗದೊಂದಿಗೆ ವಿಳಾಸ, ಜಿಎಸ್‌ಟಿ ನಂಬರು, ಆಹಾರ ಪದಾರ್ಥವಾದರೆ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರು ಹಾಕಿ. ಗೂಗಲ್ ಮ್ಯಾಪಿನ ವಿಳಾಸ, ಸೈಟಿನ ವಿಳಾಸ, ಬಿಲ್ಲಿನ ವಿಳಾಸ ಒಂದೇ ಇರಲಿ. ವಾಪಸಾತಿಯ ನಿಯಮ ಐದಾರು ಸಾಲು ಸಾಕು: ಎಷ್ಟು ದಿನ, ಯಾವ ಸ್ಥಿತಿಯಲ್ಲಿ, ಕೊರಿಯರ್ ಯಾರದು, ಹಣ ಯಾವಾಗ.

ಕಾನೂನೂ ಇದನ್ನೇ ಕೇಳುತ್ತದೆ. 2020ರ ಇ-ಕಾಮರ್ಸ್ ಗ್ರಾಹಕ ಸಂರಕ್ಷಣಾ ನಿಯಮಗಳ ಪ್ರಕಾರ ದೂರು ನೋಡಿಕೊಳ್ಳುವವರ ಹೆಸರು, ಸಂಪರ್ಕ ಸೈಟಿನಲ್ಲಿರಬೇಕು. ದೂರು ತಲುಪಿತು ಎಂದು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಗಿರಾಕಿಯ ವೇಷ ಹಾಕಿ ತಾವೇ ವಿಮರ್ಶೆ ಬರೆಯುವುದಕ್ಕೂ ಅಲ್ಲಿ ನಿಷೇಧವಿದೆ. ಗೋದಾಮು ತುಂಬಿರುವಾಗ "ಇನ್ನು ಎರಡೇ ಪೀಸ್ ಉಳಿದಿವೆ" ಎಂದು ಓಡುವ ಗಡಿಯಾರ ಹಾಕಿಸುವುದು 2023ರ ನವೆಂಬರಿನ ಮಾರ್ಗಸೂಚಿ ಹೆಸರಿಸಿದ 13 ಮೋಸದ ತಂತ್ರಗಳಲ್ಲಿ ಒಂದು. ರೆಡಿಮೇಡ್ ಥೀಮ್‌ಗಳಲ್ಲಿ ಇದು ಮೊದಲೇ ಕೂತಿರುತ್ತದೆ, ನೋಡಿ ತೆಗೆಸಿ.

ಹಂತ 8: ವಾಟ್ಸಾಪ್‌ಗೆ ಬಂದ ಮೇಲೆ

ನಮ್ಮ ಭಾಗದಲ್ಲಿ ಸೈಟಿನ ಕೆಲಸ ಮುಗಿದು ವ್ಯಾಪಾರ ಶುರುವಾಗುವ ಜಾಗ ಇದು. ಪ್ರತಿ ಮಾಲಿನ ಪುಟದಲ್ಲೂ ವಾಟ್ಸಾಪ್‌ನ ಕ್ಲಿಕ್ ಟು ಚಾಟ್ ಲಿಂಕ್ (ಒತ್ತಿದರೆ ನೇರ ನಿಮ್ಮ ಚಾಟ್ ತೆರೆಯುವಂಥದ್ದು) ಇರಲಿ. ನಂಬರಿನ ಮುಂದೆ 91 ಬೇಕು. ಪ್ಲಸ್ ಗುರುತು, ನಂಬರಿನ ಮೊದಲಿಗೆ ಹಾಕುವ ಸೊನ್ನೆ, ನಡುವೆ ಜಾಗ ಯಾವುದೂ ಇರಬಾರದು, ಇದ್ದರೆ ಲಿಂಕ್ ತೆರೆಯದೆ ಹೋಗುತ್ತದೆ. ಮೊದಲೇ ತುಂಬಿದ ಸಂದೇಶ ಇಡಿಸಿ: "ಬಿ-14 ಕಪ್ಪು ಜೀನ್ಸ್ ಸೆಟ್ ಬೇಕಿತ್ತು. ನನ್ನ ಊರು:" ಒಂದೊಂದು ಪುಟಕ್ಕೆ ಒಂದೊಂದು ಕೋಡ್ ಇದ್ದರೆ ಯಾವ ಮಾಲಿನ ಬಗ್ಗೆ ಕೇಳುತ್ತಿದ್ದಾರೆ ಎಂದು ಹುಡುಕಬೇಕಿಲ್ಲ. ಇನ್‌ಸ್ಟಾಗ್ರಾಮ್ ಒಳಗಿನ ಬ್ರೌಸರಿನಲ್ಲಿ ಈ ಲಿಂಕ್ ಒಮ್ಮೊಮ್ಮೆ ಕೈಕೊಡುತ್ತದೆ, ಹಾಗಾಗಿ ನಂಬರನ್ನು ಅಂಕಿಯಲ್ಲೂ ಬರೆದಿಡಿ.

ಈಗ ಉತ್ತರ. "ರೇಟ್ ಎಷ್ಟ್ರಿ ಅಣ್ಣಾ?" ಎಂದು ಬಂದಾಗ "ಕಾಲ್ ಮಾಡಿ" ಎಂದರೆ ಅಲ್ಲಿಗೆ ಮುಗಿಯಿತು. ಬರೀ "₹420" ಎಂದರೂ ಹೆಚ್ಚುಕಡಿಮೆ ಮುಗಿಯಿತು. ಹೀಗೆ ಬರೆದು ನೋಡಿ:

"ನಮಸ್ಕಾರ್ರಿ. ಬಿ-14 ಕಪ್ಪು, 8 ಪೀಸಿನ ಸೆಟ್. ಪೀಸಿಗೆ ₹420, ಜಿಎಸ್‌ಟಿ ಬ್ಯಾರೆ. ಇವತ್ತು ಹೇಳಿದ್ರ ನಾಳೆ ಲೋಡ್ ಆಗ್ತೈತ್ರಿ. ಯಾವ ಊರಿಗ್ರಿ, ಎಷ್ಟು ಸೆಟ್?"

ಕೇಳಿದ್ದಕ್ಕೆ ಉತ್ತರ, ಆಮೇಲೆ ಅವರು ಸುಲಭವಾಗಿ ಉತ್ತರಿಸಬಲ್ಲ ಒಂದು ಪ್ರಶ್ನೆ. ಹಂತ 1ರ ಪಟ್ಟಿ ತೆಗೆದು ಹತ್ತು ಹನ್ನೆರಡು ಉತ್ತರಗಳನ್ನು ವಾಟ್ಸಾಪ್ ಬಿಸಿನೆಸ್‌ನ ಕ್ವಿಕ್ ರಿಪ್ಲೈನಲ್ಲಿ, ಅಂದರೆ ಮೊದಲೇ ಬರೆದಿಟ್ಟ ಉತ್ತರಗಳ ಜಾಗದಲ್ಲಿ, ಉಳಿಸಿಕೊಳ್ಳಿ (50ರ ತನಕ ಹಿಡಿಸುತ್ತದೆ). ಅಂಗಡಿ ಹೊತ್ತಿನಲ್ಲಿ ಹತ್ತು ನಿಮಿಷದೊಳಗೆ ಉತ್ತರ ಹೋಗಬೇಕು: ಕೇಳಿದವರು ಅದೇ ಹೊತ್ತಿಗೆ ಇನ್ನೂ ಮೂರು ಕಡೆ ಕೇಳಿರುತ್ತಾರೆ. ರಾತ್ರಿಗೆ ತಾನಾಗಿ ಹೋಗುವ ಸಂದೇಶದಲ್ಲಿ "ಬೆಳಿಗ್ಗೆ 10ಕ್ಕೆ ತಿಳಿಸ್ತೀವಿ" ಎಂದು ಗಂಟೆ ಹೇಳಿ, ಆ ಗಂಟೆಗೆ ತಿಳಿಸಿ.

ವಾಟ್ಸಾಪ್ ಬಿಸಿನೆಸ್‌ನಲ್ಲಿ ಚಾಟ್‌ಗಳಿಗೆ ಹಚ್ಚುವ ಲೇಬಲ್ ನಾಲ್ಕು ಸಾಕು: ಹೊಸದು, ರೇಟ್ ಕೊಟ್ಟದ್ದು, ಮುಂಗಡ ಬಂದದ್ದು, ಕಳಿಸಿದ್ದು. "ರೇಟ್ ಕೊಟ್ಟದ್ದು" ಪಟ್ಟಿಯಲ್ಲಿ ಸುಮ್ಮನಾದವರಿಗೆ ಮರುದಿನ ಒಂದು ಸಂದೇಶ, ನಾಲ್ಕನೇ ದಿನ ಇನ್ನೊಂದು. ಎರಡನೆಯದರಲ್ಲಿ ಹೊಸದೇನಾದರೂ ಇರಲಿ, ಬಟ್ಟೆಯ ಚಿಕ್ಕ ವಿಡಿಯೋ ಆದರೂ ಆದೀತು. ಮೂರನೆಯದು ಕಳಿಸಿದರೆ ಬ್ಲಾಕ್ ಮಾಡುತ್ತಾರೆ. ಯುಗಾದಿಗೆ, ದೀಪಾವಳಿಗೆ ಎಲ್ಲ ನಂಬರಿಗೂ ಪೋಸ್ಟರ್ ಸುರಿಯುವ ಅಭ್ಯಾಸದಿಂದ ನಂಬರೇ ಬಂದ್ ಆಗುವ ಅಪಾಯವಿದೆ. ಕೇಳಿ, ಒಪ್ಪಿದವರಿಗೆ ಮಾತ್ರ.

ಫಾರ್ಮ್ ಬೇಕೇಬೇಕೆಂದರೆ ಹೆಸರು, ಫೋನ್, ಊರು, ಎಷ್ಟು ಬೇಕು: ನಾಲ್ಕು ಖಾನೆ. ಫೋನಿನ ಖಾನೆ ಮುಟ್ಟಿದರೆ ಅಂಕಿಗಳ ಕೀಲಿಮಣೆ ಬರಲಿ. ಖಾತೆ ತೆರೆದು ಪಾಸ್‌ವರ್ಡ್ ಇಟ್ಟ ಮೇಲೇ ಕೊಳ್ಳಬೇಕೆಂಬ ಕಟ್ಟುಪಾಡು ಬೇಡ.

ಹಂತ 9: ಹಣ

ಸೈಟಿನಲ್ಲಿ ಕ್ಯೂಆರ್ ಚಿತ್ರ ಮಾತ್ರ ಹಾಕುತ್ತಾರೆ. ತನ್ನ ಫೋನಿನ ಪರದೆಯನ್ನು ಅದೇ ಫೋನಿನಿಂದ ಸ್ಕ್ಯಾನ್ ಮಾಡುವುದು ಹೇಗೆ? ಒತ್ತಿದರೆ ಯುಪಿಐ ಆ್ಯಪ್ ತೆರೆಯುವ ಬಟನ್ ಬೇಕು, ಜೊತೆಗೆ ಕಾಪಿ ಮಾಡಬಲ್ಲ ಯುಪಿಐ ಐಡಿ. ಹಣ ಕಟ್ಟುವಾಗ ಕಾಣುವ ಹೆಸರು ಅಂಗಡಿಯದಾಗಿರದೆ ಮನೆಯವರದ್ದಾದರೆ ಗಿರಾಕಿ ಅಲ್ಲೇ ನಿಲ್ಲುತ್ತಾನೆ. ಅಂಗಡಿ ಹೆಸರಿನ ಕರೆಂಟ್ ಖಾತೆ ಮಾಡಿಸಿ, ಅಲ್ಲಿಯ ತನಕ "ಕಟ್ಟುವಾಗ ಈ ಹೆಸರು ಕಾಣುತ್ತದೆ" ಎಂದು ಬರೆದಿಡಿ. ದೊಡ್ಡ ಹೋಲ್‌ಸೇಲ್ ಮೊತ್ತಕ್ಕೆ ಯುಪಿಐ ಮಿತಿ ಸಾಲದು, ಬ್ಯಾಂಕ್ ಖಾತೆಯ ವಿವರ ಪ್ರೊಫಾರ್ಮಾ ಬಿಲ್ಲಿನಲ್ಲಿ (ಮಾಲು ಕಳಿಸುವ ಮುಂಚಿನ ಕಚ್ಚಾ ಬಿಲ್ಲು) ಕೊಡಿ. ಆರ್‌ಟಿಜಿಎಸ್ ₹2 ಲಕ್ಷದಿಂದ ಮೇಲಕ್ಕೆ, ಅದರ ಕೆಳಗೆ ನೆಫ್ಟ್. ಕಟ್ಟಿದ ಸ್ಕ್ರೀನ್‌ಶಾಟ್ ನೋಡಿ ಮಾಲು ಲೋಡ್ ಮಾಡಬೇಡಿ, ಖಾತೆಯಲ್ಲಿ ಜಮಾ ಆಗಿದೆಯೇ ನೋಡಿ.

ಚಿಲ್ಲರೆಗೆ ಕ್ಯಾಶ್ ಆನ್ ಡೆಲಿವರಿ ಕೊಟ್ಟರೆ ಆರ್ಡರ್ ಏರುತ್ತದೆ, ವಾಪಸ್ ಬರುವ ಪಾರ್ಸೆಲ್ಲೂ ಏರುತ್ತದೆ, ಹೋಗಿ ಬರುವ ಎರಡು ಕಡೆಯ ಖರ್ಚು ನಿಮ್ಮ ತಲೆಗೆ. ಕಳಿಸುವ ಮುಂಚೆ ವಾಟ್ಸಾಪ್‌ನಲ್ಲಿ ವಿಳಾಸ ಮತ್ತು ಸೈಜು ಖಚಿತ ಮಾಡಿಕೊಳ್ಳಿ, ₹100 ಮುಂಗಡ ಕೇಳಿ. ಕೊಳ್ಳುವ ಮನಸ್ಸಿದ್ದವರು ಕೊಡುತ್ತಾರೆ.

ಹಂತ 10: ಬದಲಾವಣೆ ಒಂದೊಂದೇ

ಎರಡು ಬಗೆಯ ಪುಟ ಇಟ್ಟು ಯಾವುದು ಗೆಲ್ಲುತ್ತದೆ ನೋಡುವ ಎ/ಬಿ ಪರೀಕ್ಷೆಯನ್ನು ಏಜೆನ್ಸಿಯವರು ಮಾರಲು ಬರುತ್ತಾರೆ. ಬಂದ ನೂರು ಜನಕ್ಕೆ ಒಂದು ಆರ್ಡರ್ ಇದ್ದದ್ದು ಒಂದೂವರೆ ಆಯಿತೇ ಎಂದು ನಂಬಿಕೆಯಿಂದ ಹೇಳಲು ಒಂದೊಂದು ಪುಟಕ್ಕೂ ಏಳೆಂಟು ಸಾವಿರ ಮಂದಿ ಬೇಕು. ತಿಂಗಳಿಗೆ ಸಾವಿರ ಜನ ಬರುವ ಸೈಟಿಗೆ ಅದು ಒಂದು ವರ್ಷಕ್ಕೂ ಮೀರಿದ ಕೆಲಸ. ನಿಮಗೆ ಅದು ಬೇಡ. ಐದು ಜನ ಅಪರಿಚಿತರನ್ನು ಕೂರಿಸಿ, ಅವರದೇ ಫೋನು, ಅವರದೇ ಡೇಟಾದಲ್ಲಿ "ಇದರಲ್ಲಿ 34 ಸೈಜಿನ ಕಪ್ಪು ಜೀನ್ಸ್ ಕೊಳ್ಳಿ" ಎಂದು ಹೇಳಿ ಸುಮ್ಮನೆ ನೋಡಿ. ಬಾಯಿ ಬಿಟ್ಟು ಸಹಾಯ ಮಾಡಬಾರದು, ಅದೇ ಕಷ್ಟ. ಮೂರು ಜನ ಒಂದೇ ಕಡೆ ತಡವರಿಸಿದರೆ ಮುಂದಿನ ವಾರದ ಕೆಲಸ ಅದು. ಒಂದು ಬದಲಾಯಿಸಿ, ನಾಲ್ಕು ವಾರ ಬಿಡಿ, ನೂರು ಜನರಲ್ಲಿ ಎಷ್ಟು ಮಂದಿ ಕೇಳಿದರು, ಕೇಳಿದವರಲ್ಲಿ ಎಷ್ಟು ಮಂದಿ ಕೊಂಡರು ಎಂಬ ಎರಡು ಅಂಕಿ ಬರೆದಿಡಿ. ಮೊದಲನೆಯದು ಕಡಿಮೆ ಇದ್ದರೆ ದೋಷ ಪುಟದ್ದು. ಎರಡನೆಯದು ಕಡಿಮೆ ಇದ್ದರೆ ಉತ್ತರ ಕೊಡುವ ರೀತಿಯದ್ದು, ಇಲ್ಲವೇ ಬೆಲೆಯದ್ದು. ದಸರಾ, ದೀಪಾವಳಿ, ಮದುವೆ ಹಂಗಾಮಿನ ತಿಂಗಳನ್ನು ಆಷಾಢದ ಜೊತೆ ಹೋಲಿಸಬೇಡಿ.

ತಿಂಗಳಿಗೊಮ್ಮೆ ಮನೆಯವರ ಫೋನಿನಿಂದ ನಿಮ್ಮದೇ ಸೈಟಿಗೆ ಹೋಗಿ ಒಂದು ಆರ್ಡರ್ ಹಾಕಿ, ಹಣ ಕಟ್ಟಿ, ಫಾರ್ಮ್ ಕಳಿಸಿ. ಫಾರ್ಮಿನ ಇಮೇಲ್ ಸ್ಪ್ಯಾಮಿಗೆ ಬೀಳುತ್ತಿರುವುದು, ವಾಟ್ಸಾಪ್ ಲಿಂಕ್ ಕೆಲಸ ಬಿಟ್ಟ ಹುಡುಗನ ನಂಬರಿಗೆ ಹೋಗುತ್ತಿರುವುದು ಆಗಲೇ ಗೊತ್ತಾಗುವುದು.